ಎಣ್ಣೆ ಕಲೆ ಬಿದ್ದ ಬಜೆಟ್
ನಿನ್ನೆ ಮನೆ ಕ್ಲೀನ್ ಮಾಡ್ವಾಗ ಕಪಾಟಿನ ತಳಕ್ಕೆ ಹಾಸಿದ್ದ ಹಳೇ ಪೇಪರ್ ಸಿಕ್ತು, 2025ರ ಮಾರ್ಚ್ 8ರದ್ದು, ಸಿದ್ದರಾಮಯ್ಯನವರ 16ನೇ ಬಜೆಟ್, 4.09 ಲಕ್ಷ ಕೋಟಿ ಅಂತ ದಪ್ಪಕ್ಷರ. ಅಮ್ಮನ ಉಪ್ಪಿನಕಾಯಿ ಭರಣಿ ಎಣ್ಣೆ ಗುಂಡಗೆ ಕಲೆ ಕಟ್ಟಿದೆ, ಸರಿಯಾಗಿ ಗ್ಯಾರಂಟಿಗಳ 51 ಸಾವಿರ ಚಿಲ್ಲರೆ ಕೋಟಿ ಮೇಲೆ 😄

ಬಜೆಟ್ ದಿನ ಟಿವಿ ಮುಂದೆ ಕೂತು ಯಾರ್ಗೆ ಎಷ್ಟು ಅಂತ ಕಿತ್ತಾಡ್ತೀವಲ್ಲ, ಆದ್ರೆ ಆ ಭಾಷಣದಿಂದ ಖಜಾನೆಯ ಒಂದ್ರೂಪಾಯೀನೂ ಹೊರಗ್ ಬರಲ್ಲ, ಇಲಾಖೆವಾರು ಬೇಡಿಕೆಗಳಿಗೆ ವಿಧಾನಸಭೆ ಒಪ್ಪಿ ಆಮೇಲೆ ಧನವಿನಿಯೋಗ ಮಸೂದೆ, ಅಂದ್ರೆ ದುಡ್ಡು ತೆಗೆಯೋಕೆ ಅನುಮತಿ ಕೊಡೋ ಮಸೂದೆ, ಪಾಸಾಗ್ಬೇಕು, ಆಗ್ಲೇ ಸಂಚಿತ ನಿಧಿ ಅನ್ನೋ ಸರ್ಕಾರದ ಮುಖ್ಯ ಖಜಾನೆ ಬಾಗಿಲು ತೆಗೆಯೋದು. ಅದು ಪಾಸಾಗೋ ದಿನ ಯಾರ್ ನೋಡ್ತಾರೆ, ನಾನಂತೂ ಒಂದ್ಸಲಾನೂ ನೋಡಿಲ್ಲ.

ಇನ್ನೂ ತಮಾಷೆ ಅಂದ್ರೆ ಸರ್ಕಾರದ ಸಾಲದ ಬಡ್ಡಿ, ಹೈಕೋರ್ಟ್ ಜಡ್ಜ್‌ಗಳ ಸಂಬಳ ಇವಕ್ಕೆಲ್ಲ ಓಟೇ ಇಲ್ಲ, ಬೇಕಾದ್ರೆ ಚರ್ಚೆ ಮಾಡ್ಬಹುದು, ಬೇಡ ಅನ್ನೋ ಹಾಗಿಲ್ಲ. ನಮ್ಮನೆ ಇಎಂಐ ಥರಾನೇ, 5ನೇ ತಾರೀಕು ಯಾರ್ನೂ ಕೇಳ್ದೆ ಕಟ್ ಆಗತ್ತೆ, ಜಗಳ ಏನಿದ್ರೂ ಉಳಿದಿದ್ರಲ್ಲಿ.

ಇದನ್ನೆಲ್ಲ ಅಮ್ಮಂಗೆ ಉತ್ಸಾಹದಿಂದ ಹೇಳ್ತಿದ್ರೆ "ಆಯ್ತು, ಆ ಪೇಪರ್ ತಿರುವಿ ಹಾಸು, ಆ ಕಡೆ ಕಲೆ ಇಲ್ಲ" ಅಂದ್ಲು.