ನೆಲದಲ್ಲಿ ಕೂತರೆ ಏಳೋದು ಹೇಗೆ?

ಮನೆಯ ಹಿರಿಯರನ್ನು ಭಜನೆಗೆ ಕರೆದರೆ "ನೀವು ಹೋಗಿಬನ್ನಿ" ಅನ್ನುತ್ತಾರೆ. ಸತ್ಯನಾರಾಯಣ ಪೂಜೆಗೆ ಬಂದರೂ ಬಾಗಿಲ ಬಳಿಯ ಕುರ್ಚಿ ಬಿಟ್ಟು ಏಳುವುದಿಲ್ಲ. ನೆಲದ ಮೇಲೆ ಪಂಕ್ತಿ ಅಂತ ಗೊತ್ತಾದರೆ ಆವತ್ತು ಹಸಿವೇ ಇರುವುದಿಲ್ಲ. ಎಪ್ಪತ್ತು ದಾಟಿದವರು ಹೀಗೆ ಮಾಡಿದರೆ ಮನೆಯವರು ವೈರಾಗ್ಯ ಅಂತಲೋ ಮೊಂಡುತನ ಅಂತಲೋ ತಿಳಿಯುತ್ತಾರೆ. ಎಷ್ಟೋ ಸಲ ಎರಡೂ ಅಲ್ಲ. ಕೂತರೆ ಏಳಲಾಗದೆ, ನಾಲ್ಕು ಜನರ ಎದುರು ಯಾರಾದರೂ ಕಂಕುಳಿಗೆ ಕೈಹಾಕಿ ಎತ್ತಬೇಕಾಗುತ್ತದಲ್ಲ ಎಂಬ ಸಂಕೋಚ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಈಳಿಗೆಮಣೆ, ಒರಳುಕಲ್ಲು, ನೆಲದೂಟ ಇದ್ದ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೂತು ಏಳುತ್ತಿದ್ದರೋ ಯಾರೂ ಎಣಿಸಿರಲಿಲ್ಲ. ಅಡುಗೆಕಟ್ಟೆ, ಮಿಕ್ಸಿ, ಸೋಫಾ ಬಂದವು, ಆ ಕಸರತ್ತು ಸದ್ದಿಲ್ಲದೆ ನಿಂತಿತು. ಒರಳು ವಾಪಸು ತನ್ನಿ ಅಂತ ನಾನು ಹೇಳುತ್ತಿಲ್ಲ. ಹೋದ ಬಲ ವಾಪಸು ಬರುತ್ತದೆ, ಅಷ್ಟೇ. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ ವೃದ್ಧಾಶ್ರಮದಲ್ಲಿದ್ದ ಸುಮಾರು 90 ವಯಸ್ಸಿನವರಿಗೆ 8 ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಪೂರೈಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ ದುಪ್ಪಟ್ಟು ದಾಟಿತು.

"ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನುವವರಿಗೆ ಒಂದು ಮಾತು. ವಾಕಿಂಗ್ ಎದೆಗೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಸಮತಟ್ಟು ದಾರಿಯಲ್ಲಿ ನಡೆಯುವಾಗ ಮಂಡಿ ಅಷ್ಟು ಮಡಚುವುದೂ ಇಲ್ಲ, ತೊಡೆಗೆ ಅಷ್ಟು ಭಾರ ಬೀಳುವುದೂ ಇಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಬಲದ ವ್ಯಾಯಾಮ, 3 ದಿನ ಸಮತೋಲನದ ಅಭ್ಯಾಸವನ್ನೂ ಹೇಳುತ್ತದೆ.

ಮೊದಲು ನಿಮ್ಮ ಕಾಲು ಎಲ್ಲಿದೆ ನೋಡಿಕೊಳ್ಳಿ. 17 ಇಂಚು ಎತ್ತರದ, ಕೈಯಿಲ್ಲದ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ನಯವಾದ ನೆಲದ ಮೇಲೆ ಹಿಂದಕ್ಕೆ ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಬಳಸುವ ಪಟ್ಟಿಯಲ್ಲಿ 70ರಿಂದ 74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು. ಒಂದು ಸಲವೂ ಕೈ ಊರದೆ ಏಳಲಾಗದಿದ್ದರೆ ಕುರ್ಚಿಯ ಮೇಲೆ ಕಂಬಳಿ ಮಡಚಿ ಹಾಕಿ 3–4 ಇಂಚು ಎತ್ತರಿಸಿಕೊಂಡೇ ಅಭ್ಯಾಸ ಶುರುಮಾಡಿ.

ಏಳುವಾಗ ಆಗುವ ಸಾಮಾನ್ಯ ತಪ್ಪು ಪಾದ ಮುಂದೆ ಚಾಚಿಕೊಂಡಿರುವುದು. ಆಗ ಭಾರವೆಲ್ಲ ಹಿಂದೆ ಉಳಿಯುತ್ತದೆ, ಅರ್ಧ ಎದ್ದು ಮತ್ತೆ ದೊಪ್ಪನೆ ಕೂರುತ್ತಾರೆ. ಕುರ್ಚಿಯ ಅಂಚಿಗೆ ಸರಿಯಿರಿ, ಹಿಮ್ಮಡಿಯನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ. ಆಮೇಲೆ ಏಳಿ. ಕೂರುವಾಗ ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ. ಇಳಿಯುವ ಈ ಹೊತ್ತಿನಲ್ಲೂ ಬಲ ಬರುತ್ತದೆ. ಎಣಿಕೆ ಜೋರಾಗಿ ಇರಲಿ, ಮಾತಾಡುವವರು ಉಸಿರು ಬಿಗಿಹಿಡಿಯಲಾರರು. ಒಂದು ಸುತ್ತಿಗೆ 8, ಎರಡು ನಿಮಿಷ ಬಿಟ್ಟು ಇನ್ನೊಂದು ಸುತ್ತು, ವಾರಕ್ಕೆ ಮೂರು ದಿನ. ಹನ್ನೆರಡು ಸಲೀಸಾದ ದಿನ ಒಂದು ಮಡಿಕೆ ಕಂಬಳಿ ತೆಗೆಯಿರಿ. ಅದೇ ಸಂಖ್ಯೆಯನ್ನು ವರ್ಷಗಟ್ಟಲೆ ಮಾಡಿದರೆ ಕಾಲು ಅಲ್ಲೇ ನಿಂತುಬಿಡುತ್ತದೆ.

ಇದು ಕೈಗೂಡಿದ ಮೇಲೆ ನೆಲ. ಮಲಗಿದಲ್ಲಿಂದ ಏಳುವ ದಾರಿ ಹೀಗೆ: ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಗೈ ಒತ್ತಿ ಒರಗಿ ಕೂರಿ. ಅಲ್ಲಿಂದ ಅಂಬೆಗಾಲಿಗೆ ಬಂದು ಗಟ್ಟಿ ಕುರ್ಚಿಯ ಎದುರಿಗೆ ಹೋಗಿ. ಎರಡೂ ಅಂಗೈ ಕುರ್ಚಿಯ ಆಸನದ ಮೇಲಿರಲಿ. ಕುರ್ಚಿಯ ಬೆನ್ನು ಹಿಡಿದರೆ ಅದು ನಿಮ್ಮ ಮೇಲೇ ಮಗುಚೀತು. ಬಲವಾದ ಕಾಲಿನ ಪಾದವನ್ನು ಮುಂದೆ ಪೂರ್ತಿ ಊರಿ, ಕೈಯನ್ನೂ ಪಾದವನ್ನೂ ಒಟ್ಟಿಗೆ ಒತ್ತಿ ಏಳಿ, ತಿರುಗಿ ಕುರ್ಚಿಯಲ್ಲೇ ಕೂತು ಒಂದು ನಿಮಿಷ ಸುಧಾರಿಸಿಕೊಳ್ಳಿ. ಎದ್ದ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20ರಷ್ಟು ಇಳಿದರೆ ಕಣ್ಣು ಕತ್ತಲೆ ಬರಬಹುದು. ಬಿಪಿ ಮಾತ್ರೆ ನುಂಗುವವರು ಈ ಒಂದು ನಿಮಿಷವನ್ನು ಬಿಡಬಾರದು.

ಕಲಿಯುವುದು ಮಾತ್ರ ಹಿಂದುಮುಂದಾಗಿ. ಮೊದಲ ವಾರ ನಿಂತಲ್ಲಿಂದ ಕುರ್ಚಿ ಹಿಡಿದು ಒಂದು ಮಂಡಿಯೂರಿ ಎದ್ದುಬಿಡಿ. ಅದು ಒಗ್ಗಿದ ಮೇಲೆ ಅಂಬೆಗಾಲಿಗೆ ಇಳಿದು ಏಳಿ. ಮಲಗುವುದು ಕಟ್ಟಕಡೆಗೆ. ಹೀಗೆ ಮಾಡಿದರೆ ಇಳಿದ ಪ್ರತಿ ಸಲವೂ ಏಳುವ ದಾರಿ ಆಗಲೇ ಗೊತ್ತಿರುತ್ತದೆ, ಭಯ ಇರುವುದಿಲ್ಲ. ಮಂಡಿಯ ಕೆಳಗೆ ನಾಲ್ಕು ಮಡಿಕೆ ಟವೆಲ್ ಹಾಕಿ. ಮಂಡಿಯ ಕೀಲು ಬದಲಿಸಿಕೊಂಡವರು, ಮೂಳೆ ಸವೆದು ಬೆನ್ನುಮೂಳೆ ಮುರಿದವರು ಡಾಕ್ಟರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳದೆ ನೆಲಕ್ಕಿಳಿಯಬೇಡಿ.

ವಿದೇಶದ ವೀಡಿಯೋಗಳಲ್ಲಿ ಇರದ ಒಂದು ವಿಷಯ ಸೀರೆ. ಒಂದು ಪಾದ ಮುಂದೆ ಊರಿದಾಗ ನೆರಿಗೆ ಅದರಡಿ ಸಿಕ್ಕಿಕೊಳ್ಳುತ್ತದೆ. ಏಳುತ್ತಿದ್ದಂತೆ ಸೊಂಟದಲ್ಲಿ ಜಗ್ಗಿ ಮುಗ್ಗರಿಸುತ್ತಾರೆ. ಪಾದ ಎತ್ತುವ ಮೊದಲೇ ನೆರಿಗೆಯನ್ನು ಎರಡು ಮಂಡಿಯ ನಡುವೆ ಸೇರಿಸಿಕೊಳ್ಳಿ. ಪಂಚೆಯಾದರೆ ಎತ್ತಿ ಕಟ್ಟಿ. ಅಭ್ಯಾಸವನ್ನೆಲ್ಲ ನೈಟಿಯಲ್ಲೋ ಪೈಜಾಮದಲ್ಲೋ ಮಾಡಿಕೊಂಡು ಸಮಾರಂಭಕ್ಕೆ ರೇಷ್ಮೆ ಸೀರೆ ಉಟ್ಟು ಹೋದರೆ ಕಲಿತದ್ದು ಅರ್ಧಕ್ಕೆ ನಿಲ್ಲುತ್ತದೆ. ಮನೆಯಲ್ಲಿ ಎರಡು ದಿನ ಸೀರೆಯಲ್ಲೇ ಮಾಡಿನೋಡಿ. ಇನ್ನೊಂದು ಜೋಮು. ಚಕ್ಕಳಮಕ್ಕಳ ಹಾಕಿ ಕೂತು ಜೋಮು ಹಿಡಿದ ಪಾದಕ್ಕೆ ನೆಲ ತಿಳಿಯುವುದಿಲ್ಲ, ಹಾಗೇ ಎದ್ದರೆ ಪಾದ ಹೊರಳುತ್ತದೆ. ಮಂಗಳಾರತಿಗೆ ಎರಡು ನಿಮಿಷ ಮೊದಲೇ ಕಾಲು ಚಾಚಿ ಬೆರಳಾಡಿಸಿ.

ಮನೆಯವರಿಗೆ: "ನೀವು ಕೂತ್ಕೊಳ್ಳಿ ಅತ್ತೆ, ನಾನೇ ಮಾಡ್ತೀನಿ" ಎಂಬ ಪ್ರೀತಿ ಅವರ ತೊಡೆಯನ್ನೇ ಕರಗಿಸುತ್ತಿರುತ್ತದೆ. ಕೆಳಗಿನ ಕುಂಡಗಳಿಗೆ ನೀರು, ಮಣೆಯ ಮೇಲೆ ಕೂತು ಸೊಪ್ಪು ಬಿಡಿಸುವುದು ಅವರದ್ದೇ ಆಗಿರಲಿ. ಯಾರಾದರೂ ಬಿದ್ದರೆ ಕಂಕುಳಲ್ಲಿ ಕೈಹಾಕಿ ಎಳೆಯಬೇಡಿ, ಭುಜ ಹೋಗುತ್ತದೆ, ಕೆಲವೊಮ್ಮೆ ಎಳೆದವರ ಸೊಂಟವೂ. ಸೊಂಟದಲ್ಲಿ ಜೋರು ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಲುಗಿಸದೆ 108ಕ್ಕೆ ಫೋನ್ ಮಾಡಿ. ಇವು ಯಾವುದೂ ಇಲ್ಲದಿದ್ದರೆ ಎರಡು ಕುರ್ಚಿ ತನ್ನಿ: ಒಂದು ಮುಂದೆ ಕೈ ಊರಲು, ಇನ್ನೊಂದು ಎದ್ದಕೂಡಲೇ ಹಿಂದಿನಿಂದ ಸೇರಿಸಿ ಕೂರಿಸಲು.

ಬಸ್ಸಿನ ಮೆಟ್ಟಿಲಿಗೂ ಬೇಕಾದ್ದು ಇದೇ ತೊಡೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರಿಗೆ ಟಿಕೆಟನ್ನೇನೋ ಉಚಿತ ಮಾಡಿತು, ಮೆಟ್ಟಿಲಿನ ಎತ್ತರ ಹಾಗೇ ಇದೆ. ಹತ್ತುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಒಂದು ಕೈ ಸದಾ ಕಂಬಿಯ ಮೇಲೆ.

ಭಜನೆಗೆ ಹೋದ ಮೊದಲ ದಿನ ನಡುವೆ ಕೂರಬೇಡಿ. ಕಂಬದ ಪಕ್ಕವೋ ಗೋಡೆ ಬದಿಯೋ ಹಿಡಿಯಿರಿ. ಜಮಖಾನದ ಅಂಚಿನಲ್ಲಿ ಮಾತ್ರ ಬೇಡ, ಅದು ಮುದುಡಿ ಕಾಲಿಗೆ ತೊಡರುತ್ತದೆ. ನಾಲ್ಕಿಂಚಿನ ಮಣೆಯೊಂದನ್ನು ಚೀಲದಲ್ಲಿ ಒಯ್ದರೂ ನಡೆದೀತು.