ಮಳೆಗಾಲದಲ್ಲಿ ಕಲಿತ ಡಿಫೆನ್ಸ್

ಶಾಲಾ ಕ್ರೀಡಾಕೂಟಗಳು ಶುರುವಾಗುವುದು ಆಗಸ್ಟ್ ಹೊತ್ತಿಗೆ. ಕಾರವಾರದಲ್ಲಿ ಆಗ ಎಂಥ ಮಳೆ ಅಂತ ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಿಲ್ಲ. ನಮ್ಮ ಶಾಲೆಯ ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟ್ ಹಾವಸೆ ಕಟ್ಟಿ ಜಾರುತ್ತಿತ್ತು. ಬಾಲ್ ನೆನೆದರೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಘಟ್ಟದ ಮೇಲಿನ ತಂಡಗಳು ಶೂಟಿಂಗ್ ಪ್ರಾಕ್ಟೀಸ್ ಮಾಡುವ ದಿನಗಳಲ್ಲಿ ನಾವು ಹುಡುಗಿಯರು ಹಾಲ್‌ನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಬಾಲೇ ಇಲ್ಲದೆ, ಮೊಣಕಾಲು ಬಗ್ಗಿಸಿ ಈ ಗೋಡೆಯಿಂದ ಆ ಗೋಡೆಗೆ ಅಡ್ಡಡ್ಡ ಸ್ಲೈಡ್ ಮಾಡುತ್ತಿದ್ದೆವು. ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವುದನ್ನು ಕಲಿತದ್ದು ಹೀಗೆ.

ನಮ್ಮ ಪಿ.ಇ. ಸರ್ ಇದನ್ನು ಒಂದು ಕೊರತೆ ಅಂತ ಎಣಿಸಲೇ ಇಲ್ಲ. "ಬುಟ್ಟಿಗೆ ಬಾಲ್ ಒಂದು ದಿನ ಬೀಳ್ತದೆ, ಒಂದು ದಿನ ಬೀಳೂದಿಲ್ಲ. ಕಾಲು ಮಾತ್ರ ದಿನಾ ನಿಮ್ಮ ಮಾತು ಕೇಳ್ತದೆ" ಅನ್ನುತ್ತಿದ್ದರು. ಆಗ ಅದು ಸುಮ್ನೆ ನಮ್ಮನ್ನು ಸಮಾಧಾನ ಮಾಡಲು ಹೇಳುವ ಮಾತು ಅನಿಸುತ್ತಿತ್ತು. ಆಮೇಲೆ ಆಡುತ್ತಾ ಹೋದ ಹಾಗೆ ಗೊತ್ತಾಯಿತು, ಅವರು ಕಲಿಸಿದ ಎಲ್ಲದರ ಬುಡ ಅದೇ.

ಮೊದಲು ನಿಲ್ಲುವುದನ್ನೇ ಕಲಿಸಿದರು. ಪಾದಗಳ ನಡುವೆ ಭುಜಕ್ಕಿಂತ ಸ್ವಲ್ಪ ಜಾಸ್ತಿ ಅಂತರ. ಸೊಂಟ ಕೆಳಗೆ, ಬೆನ್ನು ನೇರ, ಭಾರವೆಲ್ಲ ಮುಂಗಾಲಿನ ಮೇಲೆ. ಬಲಕ್ಕೆ ಹೋಗಬೇಕಾದರೆ ಎಡಗಾಲಿನಿಂದ ನೆಲ ಒತ್ತಬೇಕು. ಕಾಲಿಗೆ ಕಾಲು ಅಡ್ಡ ಬಂತೋ, ಮತ್ತೆ ಮೊದಲಿನಿಂದ. ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಎದುರಾಳಿಯನ್ನು ತಡೆಯಬೇಕಿತ್ತು. ಕೈ ಬಿಟ್ಟರೆ ಎಲ್ಲರಿಗೂ ಬಾಲ್ ಕಸಿಯುವ ಆಸೆ. ಕಸಿಯಲು ಹೋದರೆ ಫೌಲ್, ಐದು ಫೌಲ್ ಆದರೆ ಹೊರಗೆ. "ಅವಳ ಕಣ್ಣು ನೋಡಬೇಡಿ, ಬಾಲ್ ನೋಡಬೇಡಿ, ಹೊಟ್ಟೆ ನೋಡಿ. ಕಣ್ಣು ಸುಳ್ಳು ಹೇಳ್ತದೆ, ಹೊಟ್ಟೆ ಹೇಳೂದಿಲ್ಲ" ಅನ್ನುವುದು ಅವರ ಇನ್ನೊಂದು ಮಾತು. ತಲೆ, ಭುಜ, ಕೈ ಎಲ್ಲದರಲ್ಲೂ ಮೋಸ ಮಾಡಬಹುದು. ಹೊಟ್ಟೆ ಯಾವ ಕಡೆಗೆ ತಿರುಗಿತೋ ಆಟಗಾರ್ತಿ ಹೋಗುವುದು ಆ ಕಡೆಗೇ.

ಗಟ್ಟಿ ಮನಸ್ಸಿನ ಬಗ್ಗೆ ಸರ್ ಭಾಷಣ ಮಾಡಿದ್ದು ನನಗೆ ನೆನಪಿಲ್ಲ. ಮಾಡಿಸಿದ್ದು ಚೆನ್ನಾಗಿ ನೆನಪಿದೆ. ಪ್ರಾಕ್ಟೀಸ್ ಪಂದ್ಯದಲ್ಲಿ ಬೇಕಂತಲೇ ತಪ್ಪು ಫೌಲ್ ಊದುತ್ತಿದ್ದರು. ಮುಟ್ಟಿರುವುದೇ ಇಲ್ಲ, ಆದರೂ ಸೀಟಿ. ಯಾರು ಬಾಯಿ ತೆರೆದರೋ, ಯಾರು ಅವರ ಮುಖ ನೋಡಿದರೋ ಅವರು ಬೆಂಚಿಗೆ. ಶಾಟ್ ತಪ್ಪಿದಾಗಲೂ ಅಷ್ಟೇ. ತಲೆ ಮೇಲೆ ಕೈ ಇಟ್ಟು ನಿಂತರೆ ಮುಗಿಯಿತು. ಕೋರ್ಟಿನ ಉದ್ದ 28 ಮೀಟರ್. ನಾವು ಬೇಜಾರು ಮಾಡಿಕೊಂಡು ನಿಲ್ಲುವಷ್ಟು ಹೊತ್ತಿನಲ್ಲಿ ಎದುರಿನವರು ಅದನ್ನು ಓಡಿ, ಬುಟ್ಟಿಯ ಹತ್ತಿರದಿಂದಲೇ ಹಾರಿ ಬಾಲ್ ಹಾಕಿ (ಲೇ-ಅಪ್) ಬಿಡುತ್ತಾರೆ. ಹಾಗಾಗಿ ಬಾಲ್ ರಿಂಗ್‌ಗೆ ಬಡಿದು ಎದುರಿನವರ ಕೈಗೆ ಹೋದ ಸದ್ದಿಗೇ ತಿರುಗಿ ಓಡುವುದು ನಮ್ಮ ಮೈಗೆ ಹತ್ತಿ ಹೋಯಿತು. ದುಃಖಪಡುವುದಾದರೆ ಓಡುತ್ತಾ ಪಡಬೇಕಿತ್ತು! ಸ್ಲೈಡಿಂಗನ್ನು ಅವರು ಯಾವಾಗಲೂ ಕೊನೆಯಲ್ಲಿ, ಉಸಿರು ಸಿಕ್ಕದೆ ಇರುವಾಗಲೇ ಇನ್ನೊಮ್ಮೆ ಮಾಡಿಸುತ್ತಿದ್ದುದೂ ಇದಕ್ಕೇ. ಸುಸ್ತಾದಾಗ ಮೊದಲು ಏಳುವುದು ಸೊಂಟ. ಸೊಂಟ ಮೇಲೆ ಬಂದ ಕೂಡಲೇ ಎದುರಾಳಿ ಪಕ್ಕದಿಂದ ದಾಟಿ ಹೋಗುತ್ತಾಳೆ.

ಕೋರ್ಟಿನಲ್ಲಿ ಬಾಯಿ ಮುಚ್ಚಿಕೊಂಡು ಆಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಿಂದೆ ಯಾರಿದ್ದಾರೆ, ನಮ್ಮ ದಾರಿಗೆ ಅಡ್ಡ ನಿಲ್ಲುವ ಎದುರಿನವಳು (ಸ್ಕ್ರೀನ್) ಯಾವ ಕಡೆಯಿಂದ ಬಂದಳು, ಎಲ್ಲ ಕೂಗಿ ಹೇಳಬೇಕು. ನಾವು ಕೂಗುತ್ತಿದ್ದುದು ಕೊಂಕಣಿಯಲ್ಲಿ. ಉಜ್ವೆಂ, ದಾವೆಂ ಅಂದರೆ ಘಟ್ಟದ ಮೇಲಿನ ತಂಡದವರಿಗೆ ಬಲವೋ ಎಡವೋ ತಿಳಿಯುತ್ತಿರಲಿಲ್ಲ. ಕನ್ನಡ ಮನೆಯ ನಾವೂ ಅಷ್ಟು ಕೊಂಕಣಿ ಕಲಿತೆವು. ಹಿಂದಿನಿಂದ ಒಂದು ದನಿ ಬರುತ್ತಿದ್ದರೆ ಮುಂದೆ ನಿಂತವಳಿಗೆ ಎಷ್ಟು ಧೈರ್ಯ ಅಂತ ಆಡಿದವರಿಗೇ ಗೊತ್ತು. ದಾಟಿಸಿಕೊಂಡರೂ ಹಿಂದೆ ಒಬ್ಬಳಿದ್ದಾಳೆ ಅನ್ನುವ ನಂಬಿಕೆ ಅದು.

ಕಾರವಾರದ ಬೈತಖೋಲದಿಂದ ಬರುತ್ತಿದ್ದ ನನ್ನ ಗೆಳತಿಯ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿ ಆಗುವುದಿಲ್ಲ. ತಂಡದಲ್ಲೇ ಗಿಡ್ಡವಳು. ವಿಭಾಗ ಮಟ್ಟದ ಪಂದ್ಯವೊಂದರಲ್ಲಿ ಅವಳಿಗೆ ಸಿಕ್ಕಿದ್ದು ಅವಳಿಗಿಂತ ಒಂದು ತಲೆ ಎತ್ತರದ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ್ತಿ. ಅವಳು ಹಿಂದೆ ನಿಲ್ಲಲಿಲ್ಲ. ಆ ಹುಡುಗಿಗೂ ಬಾಲ್‌ಗೂ ನಡುವೆ, ಮುಂದೆ ಬಂದು ನಿಂತಳು. ನೇರ ಪಾಸ್ ಬರುವ ದಾರಿಯೇ ಬಂದ್. ತಲೆ ಮೇಲಿನಿಂದ ಎತ್ತರದ ಪಾಸ್ ಬಂದರೆ ಹಿಂದಿನಿಂದ ನಾನು ಓಡಿ ಬರಬೇಕಿತ್ತು. ಶಾಟ್ ಹೊರಟ ಕೂಡಲೇ ಇವಳು ಬಾಲ್ ಕಡೆ ನೋಡುತ್ತಲೇ ಇರಲಿಲ್ಲ. ಮೊದಲು ತಿರುಗಿ ಆ ಹುಡುಗಿಯ ತೊಡೆಗೆ ತನ್ನ ಸೊಂಟ ಒತ್ತಿ ಹಿಡಿಯುತ್ತಿದ್ದಳು. ಎತ್ತರ ಇದ್ದರೂ ಹಾರಲು ಜಾಗ ಬೇಕಲ್ವಾ? ಅದೇ ಸಿಗುತ್ತಿರಲಿಲ್ಲ. ಬಾಲ್ ನೆಲಕ್ಕೆ ಬೀಳುತ್ತಿತ್ತು, ನಮ್ಮಲ್ಲಿ ಯಾರೋ ಎತ್ತಿಕೊಳ್ಳುತ್ತಿದ್ದೆವು.

ಆ ಪಂದ್ಯ ಗೆದ್ದೆವು, ಮುಂದಿನದು ಸೋತೆವು. ನಾನು ಹೇಳಬೇಕೆಂದಿರುವುದು ಸ್ಕೋರ್ ಶೀಟಿನ ಬಗ್ಗೆ. ಅವಳ ಹೆಸರಿನ ಮುಂದೆ ಒಂದು ಪಾಯಿಂಟೂ ಇರಲಿಲ್ಲ. ಇದ್ದದ್ದು ಫೌಲ್‌ಗಳು ಮಾತ್ರ. ಬಾಸ್ಕೆಟ್‌ಬಾಲ್‌ನಲ್ಲಿ ಚೆನ್ನಾಗಿ ತಡೆದವರ ಲೆಕ್ಕವನ್ನು ಆ ಕಾಗದ ಇಡುವುದಿಲ್ಲ. ಅಮೆರಿಕದ ಬಿಲ್ ರಸೆಲ್ ಅವರಿಗೂ ಹೀಗೇ ಆಗಿದೆ. 1956ರಿಂದ 1969ರವರೆಗೆ ಬೋಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ 13 ಸೀಸನ್ ಆಡಿ 11 ಸಲ ಚಾಂಪಿಯನ್ ಆದವರು. ಬ್ಲಾಕ್ ಮಾಡಿದ, ಅಂದರೆ ಬುಟ್ಟಿಗೆ ಹೊರಟಾಗಲೇ ಕೈಯಿಂದ ತಡೆದ ಬಾಲನ್ನು ಗ್ಯಾಲರಿಗೆ ಹೊಡೆಯದೆ ಕೋರ್ಟಿನ ಒಳಗೇ, ತಮ್ಮವರ ಕೈಗೆ ಸಿಗುವಂತೆ ತಟ್ಟುವುದಕ್ಕೆ ಹೆಸರಾದವರು. ಆದರೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1973-74ರಲ್ಲಿ. ಅಷ್ಟರಲ್ಲಿ ಅವರು ಆಟ ಬಿಟ್ಟಾಗಿತ್ತು.

ಸರ್ ಅದಕ್ಕೇ ತಮ್ಮದೇ ಒಂದು ಪಟ್ಟಿ ಇಟ್ಟಿದ್ದರು. ಪಟ್ಟಿ ಅಂದರೆ ಇನ್ನೂರು ಪುಟದ, ಮಕ್ಕಳು ಬರೆಯುವಂಥ ನೋಟ್‌ಬುಕ್. ಬಾಲ್‌ಗೆ ಬೆರಳು ತಾಗಿಸಿ ಪಾಸ್ ಕೆಡಿಸಿದ್ದು ಯಾರು, ನುಗ್ಗಿ ಬಂದವಳಿಗೆ ಎದೆಕೊಟ್ಟು ನಿಂತು ಫೌಲ್ ಅವಳ ಮೇಲೆ ಬರುವಂತೆ ಮಾಡಿದ್ದು (ಚಾರ್ಜ್) ಯಾರು, ಶಾಟ್ ಹೊರಟಾಗ ಎದುರಾಳಿಯನ್ನು ಮೈಯಿಂದ ತಡೆದು ಹಿಂದೆ ಇಟ್ಟದ್ದು (ಬಾಕ್ಸ್ ಔಟ್) ಯಾರು, ನೆಲಕ್ಕೆ ಬಿದ್ದು ಬಾಲ್ ಹಿಡಿದಿದ್ದು ಯಾರು, ಎಲ್ಲಕ್ಕೂ ಒಂದೊಂದು ಗೀಟು. ಪಂದ್ಯ ಮುಗಿದ ಮೇಲೆ ಬಸ್ಸಿನಲ್ಲಿ ಅದನ್ನೇ ಓದುತ್ತಿದ್ದರು. ಅತಿ ಹೆಚ್ಚು ಬುಟ್ಟಿ ಹಾಕಿದವಳ ಹೆಸರನ್ನು ಬಸ್ಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ದಿನ ಬೈತಖೋಲದವಳ ಹೆಸರಿನ ಮುಂದೆ ಗೀಟುಗಳು ಸಾಲು ದಾಟಿ ಕೆಳಗಿನ ಸಾಲಿಗೂ ಹೋಗಿದ್ದವು. ಅವಳು ಆ ಪುಟವನ್ನು ಕೇಳಿ ಹರಿಸಿಕೊಂಡಳು. ಈಗಲೂ ಅವಳ ಹತ್ತಿರ ಇದೆ.

ಈಗ ಶಾಲೆಯ ತಂಡದಲ್ಲಿರುವ ಹುಡುಗಿಯರಿಗೆ ಒಂದು ಮಾತು. ಶಾಲೆಯ ಗ್ಯಾದರಿಂಗ್‌ಗೆ ನಾವಿಬ್ಬರೂ ಬರುವವರಿದ್ದೇವೆ. ಬರುವಾಗ ಗೀಟು ಹಾಕಲು ಕಾಲಂ ಎಳೆದ ಹೊಸ ಪಟ್ಟಿಯೊಂದನ್ನು ತರುತ್ತೇವೆ. ಅದನ್ನು ಪಿ.ಇ. ರೂಮಿನಲ್ಲಿ ಇಟ್ಟುಕೊಳ್ಳಿ. ಬರೆಯುವ ಕೆಲಸವನ್ನು ಆ ದಿನ ಬೆಂಚಿನಲ್ಲಿ ಕೂತವಳಿಗೇ ಕೊಡಿ, ಆಟವನ್ನು ಅವಳಷ್ಟು ಚೆನ್ನಾಗಿ ಬೇರೆ ಯಾರೂ ನೋಡುವುದಿಲ್ಲ.