ಗೋಡೆಯ ಮೇಲಿನ ಬೆರಳು

ಇಟಲಿಯ ಫ್ಲಾರೆನ್ಸ್‌ನ ಸಾನ್ ರೆಮಿಜಿಯೊ ಬೀದಿಯಲ್ಲಿ ಸುಮ್ನೆ ಹೋಗ್ತಾ ತಲೆ ಎತ್ತಿದೆ. ಗೋಡೆಯಲ್ಲಿ ಒಂದು ಹಳೇ ಕಲ್ಲು. ಅದರ ಮೇಲೆ ಅಲೆಗಳು, ಒಂದು ಕೈ. ಬೆರಳು ನೆಟ್ಟಗೆ ನೀರಿನ ಗೆರೆಯನ್ನೇ ತೋರಿಸುತ್ತಿದೆ. 1333ರ ನವೆಂಬರ್ 4ರಂದು ಆರ್ನೋ ನದಿ ಏರಿದ ಮಟ್ಟ ಅದು.

ಅದಕ್ಕಿಂತ ಮೇಲೆ ಇನ್ನೊಂದು ಫಲಕ. 1966, ಅದೇ ನವೆಂಬರ್ 4! ಕೈ ಚಾಚಿ ನೋಡಿದೆ, ಹತ್ತಿರಕ್ಕೂ ಎಟುಕಲಿಲ್ಲ. ಹೆಚ್ಚುಕಮ್ಮಿ ಐದು ಮೀಟರ್. ಮನೆಯ ಕೆಳಮಹಡಿ ಪೂರ್ತಿ ಮುಳುಗಿತ್ತು ಅಂತ ಅರ್ಥ ಅಲ್ವಾ?

ಆ ಸಲ ನೀರಿನ ಜೊತೆ ಕೆಸರು, ಮನೆ ಬೆಚ್ಚಗಿಡಲು ಉರಿಸುವ ಎಣ್ಣೆ ಎಲ್ಲಾ ಸೇರಿ ಬಂದಿತ್ತು. ಸಾಂತಾ ಕ್ರೋಚೆ ಚರ್ಚಿನಲ್ಲಿದ್ದ, ಹಳೇ ಕಾಲದ ಚಿತ್ರಕಾರ ಚಿಮಾಬುಯೆ ಬರೆದ ಶಿಲುಬೆಯ ಬಣ್ಣ ಬಹಳಷ್ಟು ಕಿತ್ತುಹೋಯಿತು. ಗ್ರಂಥಾಲಯದ ಪುಸ್ತಕಗಳನ್ನು ಕೆಸರಿನಿಂದ ಎತ್ತಲು ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದರು. ಅವರನ್ನು ಇಲ್ಲಿ ಈಗಲೂ 'ಕೆಸರಿನ ದೇವದೂತರು' ಅಂತಲೇ ಕರೆಯುತ್ತಾರೆ. ಆ ಹೆಸರು ಕೇಳಿ ನನಗೆ ಗಂಟಲು ಕಟ್ಟಿತು.

ನನಗೆ ಜಾಸ್ತಿ ಕಾಡಿದ್ದು ಮಾತ್ರ ಆ ಬೆರಳು. ಪ್ರವಾಹ ಇಳಿದ ಮೇಲೆ, ಒದ್ದೆ ಗೋಡೆ ನೋಡಿ, ಮುಂದೆ ಹುಟ್ಟುವವರಿಗೂ ಗೊತ್ತಿರಲಿ ಅಂತ ಯಾರೋ ಕೂತು ಕೆತ್ತಿದ್ದಾರೆ. ಉಗುರಿನ ತನಕ.